ಫ್ರಾಯ್ಡ್, ಆಡ್ಲರ್, ಯೂಂಗ್ ಮತ್ತು ಆಮೇಲಿನವರು: ಪದೇ ಪದೇ ಕೇಳುವ ಪ್ರಶ್ನೆಗಳು

ಮನಶ್ಶಾಸ್ತ್ರ ಪಾಠ ಮಾಡುವವಳು ಅಂತ ಗೊತ್ತಾದ ಕೂಡಲೇ ಜನ ಕೇಳುವುದು ಎರಡೇ. "ನನ್ನ ಮನಸ್ಸಲ್ಲಿ ಈಗ ಏನಿದೆ ಹೇಳಿ" ಅಂತ ಒಂದು, ಫ್ರಾಯ್ಡ್ ಬಗ್ಗೆ ಇನ್ನೊಂದು. ಮೊದಲನೆಯದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಎರಡನೆಯದಕ್ಕೆ ಇದೆ, ಆದರೆ ಅದು ಫ್ರಾಯ್ಡ್ ಒಬ್ಬರಿಗೇ ಮುಗಿಯುವುದಿಲ್ಲ. ತರಗತಿಯಲ್ಲಿ, ಕಾಗದಗಳಲ್ಲಿ, ಕೆಲವು ಸಲ ಮದುವೆ ಊಟದ ಪಂಕ್ತಿಯಲ್ಲೂ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ.

## ಮೊದಮೊದಲ ಪ್ರಶ್ನೆಗಳು

ಸೈಕೋಡೈನಮಿಕ್ ಅಂದ್ರೆ ಏನು? ಸುಮ್ನೆ ಸೈಕಾಲಜಿ ಅಂದ್ರೆ ಸಾಲದಾ?

ಸಾಲದು. ಸೈಕಾಲಜಿಯಲ್ಲಿ ಹತ್ತಾರು ಪಂಥಗಳಿವೆ, ಇದು ಅದರಲ್ಲಿ ಒಂದು. ಈ ಪಂಥದವರು ಒಪ್ಪುವ ಮಾತು ಇಷ್ಟು: ನಾವು ಮಾಡುವುದಕ್ಕೆಲ್ಲ ಕಾರಣ ನಮಗೇ ಗೊತ್ತಿರುವುದಿಲ್ಲ. ಚಿಕ್ಕಂದಿನಲ್ಲಿ ಆದದ್ದು ದೊಡ್ಡವರಾದ ಮೇಲೂ ನಮ್ಮನ್ನು ಬಿಡುವುದಿಲ್ಲ. ಮನಸ್ಸಿನೊಳಗೆ ಒಂದಕ್ಕೊಂದು ಆಗದ ಒತ್ತಡಗಳಿವೆ, ಅವು ಹಗ್ಗಜಗ್ಗಾಟ ಆಡುತ್ತಲೇ ಇರುತ್ತವೆ. ಡೈನಮಿಕ್ ಅನ್ನುವ ಪದ ಇರುವುದು ಆ ಜಗ್ಗಾಟಕ್ಕೇ.

ಫ್ರಾಯ್ಡ್ ಕಟ್ಟಿದ್ದು ಮನೋವಿಶ್ಲೇಷಣೆ. ಅದರಿಂದ ಕವಲೊಡೆದದ್ದು, ಅದರ ಜೊತೆ ಜಗಳ ಆಡಿ ಬೇರೆ ಮನೆ ಮಾಡಿದ್ದು, ಎಲ್ಲವೂ ಸೇರಿ ಸೈಕೋಡೈನಮಿಕ್. ಯಾರ ಸಿದ್ಧಾಂತ ಯಾವುದು ಅಂತ ಬಾಯಿಪಾಠ ಮಾಡುವ ಬದಲು ಒಂದು ಪ್ರಶ್ನೆ ಹಿಡಿದುಕೊಳ್ಳಿ: ಮನುಷ್ಯನಿಗೆ ತಳದಲ್ಲಿ ಬೇಕಾಗಿರುವುದು ಏನು? ಇವರೆಲ್ಲ ಬೇರೆಯಾಗುವುದು ಆ ಜಾಗದಲ್ಲೇ.

ಫ್ರಾಯ್ಡ್ ಅಂದ್ರೆ ಬರೀ ಸೆಕ್ಸ್ ಅಂತಾರಲ್ಲ, ನಿಜಾನಾ?

ಅರ್ಧ ನಿಜ. ಸಿಗ್ಮಂಡ್ ಫ್ರಾಯ್ಡ್ (1856–1939) ವಿಯೆನ್ನಾದ ನರರೋಗ ವೈದ್ಯರು. ಕೈ ಬಿದ್ದುಹೋಗಿದೆ, ಮಾತು ನಿಂತಿದೆ, ಆದರೆ ನರದಲ್ಲಿ ಯಾವ ದೋಷವೂ ಇಲ್ಲ ಅನ್ನುವಂಥ ರೋಗಿಗಳು ಅವರ ಹತ್ತಿರ ಬರುತ್ತಿದ್ದರು. ಅವರ ಹಿರಿಯ ಗೆಳೆಯ ಜೋಸೆಫ್ ಬ್ರಾಯರ್ ಅಂಥದೇ ಒಬ್ಬ ಯುವತಿಗೆ 1880ರಿಂದ 1882ರವರೆಗೆ ಚಿಕಿತ್ಸೆ ಕೊಟ್ಟಿದ್ದರು. ಮಾತಾಡಿಸುತ್ತಾ ಹೋದಾಗ ಅವಳ ಕಷ್ಟ ಕಡಿಮೆಯಾಗುತ್ತಿತ್ತಂತೆ. ಮಾತಿನಲ್ಲೇ ವಾಸಿ ಮಾಡುವುದು ಅನ್ನುವ ಹೆಸರು ಕೊಟ್ಟಿದ್ದು ಆ ಹುಡುಗಿಯೇ. ವೈದ್ಯರು ಹೆಸರು ಮಾಡಿದರು, ಪದ ಕೊಟ್ಟವಳು ರೋಗಿ. ಇದು ನನಗೆ ಯಾವಾಗಲೂ ಇಷ್ಟವಾಗುವ ಸಂಗತಿ.

ಫ್ರಾಯ್ಡ್ ಹೇಳಿದ ಕಾಮ ನಾವು ಅಂದುಕೊಳ್ಳುವುದಕ್ಕಿಂತ ಅಗಲವಾದದ್ದು. ಮಗು ಹೆಬ್ಬೆರಳು ಚೀಪುವ ಸುಖವೂ ಅವರ ಲೆಕ್ಕದಲ್ಲಿ ಅದೇ ಶಕ್ತಿಯ ಒಂದು ರೂಪ. ಆದರೆ ಎಷ್ಟೇ ಅಗಲ ಮಾಡಿದರೂ ಕೊನೆಗೆ ಮನುಷ್ಯನನ್ನು ತಳ್ಳುವುದು ದೇಹದ ಒಳಗಿನ ಒತ್ತಡ, ಆ ಒತ್ತಡ ಇಳಿಸಿಕೊಳ್ಳುವುದೇ ಸುಖ ಅನ್ನುವುದನ್ನು ಅವರು ಬಿಡಲಿಲ್ಲ. ಮೊದಲ ಮಹಾಯುದ್ಧದಿಂದ ಬಂದ ಸೈನಿಕರು ಅದೇ ಭಯಾನಕ ಕನಸನ್ನು ಮತ್ತೆ ಮತ್ತೆ ಕಾಣುತ್ತಿದ್ದರು. ಸುಖ ಬೇಕಾದ ಮನಸ್ಸು ಹೀಗೇಕೆ ಮಾಡುತ್ತದೆ? ಅದಕ್ಕೆ ಉತ್ತರ ಹುಡುಕುತ್ತಾ 1920ರಲ್ಲಿ ಸಾವಿನ ಕಡೆಗೆ ಎಳೆಯುವ ಇನ್ನೊಂದು ಒತ್ತಡವನ್ನೂ ಸೇರಿಸಿದರು. ಆದ್ದರಿಂದ "ಬರೀ ಸೆಕ್ಸ್" ಅನ್ನುವುದು ತಪ್ಪು.

"ಅವನಿಗೆ ಈಗೋ ಜಾಸ್ತಿ" ಅಂತೀವಲ್ಲ, ಆ ಈಗೋನೇ ಇದು?

ಅಲ್ಲ! ನಾವು ಈಗೋ ಅನ್ನುವುದು ಜಂಭಕ್ಕೆ. ಫ್ರಾಯ್ಡರ ಈಗೋ ಪಾಪ, ಮೂರು ಕಡೆಯಿಂದ ಬೈಸಿಕೊಳ್ಳುವ ಮನೆ ಯಜಮಾನ. ಒಂದು ಕಡೆ ಇಡ್, ಅದಕ್ಕೆ ಬೇಕು ಅಂದರೆ ಈಗಲೇ ಬೇಕು. ಇನ್ನೊಂದು ಕಡೆ ಸೂಪರ್ ಈಗೋ, ಅಪ್ಪ-ಅಮ್ಮ ಹೇಳಿದ ಬೇಡಗಳೆಲ್ಲ ಒಳಗೆ ಹೋಗಿ ಕೂತದ್ದು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವಂತೆ ಮಾಡುವುದು ಅದೇ. ಮೂರನೆಯದು ಹೊರಗಿನ ಪ್ರಪಂಚ. ಇಷ್ಟನ್ನೂ ಸಂಭಾಳಿಸುವುದು ಈಗೋ ಕೆಲಸ. ಈ ಲೆಕ್ಕದಲ್ಲಿ ಜಂಭದವನಿಗೆ ಈಗೋ ಕಡಿಮೆ ಇರುವ ಸಾಧ್ಯತೆಯೇ ಜಾಸ್ತಿ.

ಇಡ್, ಈಗೋ, ಸೂಪರ್ ಈಗೋ ಅನ್ನುವ ಮೂರು ಭಾಗದ ನಕ್ಷೆಯನ್ನು ಫ್ರಾಯ್ಡ್ ಬಿಡಿಸಿದ್ದು 1923ರಲ್ಲಿ. ಜರ್ಮನ್‌ನಲ್ಲಿ ಅವರು ಬಳಸಿದ್ದು ಬೀದಿ ಮಾತು: "ಅದು", "ನಾನು", "ಮೇಲಿನ ನಾನು". ಇಂಗ್ಲಿಷಿಗೆ ಹೋಗುವಾಗ ಅವು ಲ್ಯಾಟಿನ್ ವೇಷ ಹಾಕಿಕೊಂಡು ಆಸ್ಪತ್ರೆ ಚೀಟಿಯ ಪದಗಳಂತೆ ಆದವು. "ಅದು ನನ್ನಿಂದ ಮಾಡಿಸಿಬಿಡ್ತು" ಅಂತ ನಾವು ಹೇಳುತ್ತೇವಲ್ಲ, ಫ್ರಾಯ್ಡರ ಮೂಲ ಪದಕ್ಕೆ ಅದೇ ಹತ್ತಿರ.

ಡಿಫೆನ್ಸ್ ಮೆಕ್ಯಾನಿಸಂ ಅನ್ನೋದನ್ನ ಮನೆಮಾತಲ್ಲಿ ಹೇಳ್ತೀರಾ?

ನೋವು, ನಾಚಿಕೆ ತಟ್ಟದಂತೆ ಮನಸ್ಸು ತನ್ನನ್ನು ತಾನೇ ಕಾಪಾಡಿಕೊಳ್ಳುವ ಉಪಾಯ ಅದು. ಗಾದೆಗಳಲ್ಲೇ ಇದೆ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ: ಸಿಟ್ಟನ್ನು ತೋರಿಸಬೇಕಾದ ಕಡೆ ತೋರಿಸಲಾಗದೆ ಬೇರೆ ಕಡೆ ತಿರುಗಿಸುವುದು. ಕುಣಿಯಲಾರದವಳು ನೆಲ ಡೊಂಕು ಅಂದಳು: ಸೋಲಿಗೆ ಒಪ್ಪುವಂಥ ಕಾರಣ ಹುಡುಕುವುದು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ: ನಮ್ಮೊಳಗಿನದನ್ನು ಎದುರಿನವರ ಮೇಲೆ ಹಾಕಿ ನೋಡುವುದು. ಗಾದೆಗೂ ಸಿದ್ಧಾಂತಕ್ಕೂ ವ್ಯತ್ಯಾಸ ಒಂದೇ. ಗಾದೆ ಗೇಲಿ ಮಾಡುತ್ತದೆ. ಸಿದ್ಧಾಂತ, ಇದು ಬೇಕಂತ ಮಾಡುವ ನಾಟಕ ಅಲ್ಲ, ಮಾಡುವವರಿಗೆ ತಾವು ಮಾಡುತ್ತಿರುವುದೇ ತಿಳಿದಿರುವುದಿಲ್ಲ ಅನ್ನುತ್ತದೆ.

ಇವನ್ನೆಲ್ಲ ಸೇರಿಸಿ ಒಂದು ಕ್ರಮಕ್ಕೆ ತಂದವರು ಫ್ರಾಯ್ಡರ ಮಗಳು ಆನಾ ಫ್ರಾಯ್ಡ್, 1936ರಲ್ಲಿ. ಅಪ್ಪ ಇಡ್ ಕಡೆ ನೋಡಿದರೆ ಮಗಳು ಈಗೋ ಕಡೆ ನೋಡಿದರು, ಅದು ಹೇಗೆ ಬಚಾವಾಗುತ್ತದೆ ಅಂತ.

## ಜಗಳ ಆಡಿ ಹೊರಟವರು

ಕೀಳರಿಮೆ ಅನ್ನೋ ಮಾತು ಆಡ್ಲರ್ ಅವರದ್ದಾ? ಅವರು ಫ್ರಾಯ್ಡ್ ಶಿಷ್ಯ ಅಲ್ವಾ?

ಕೀಳರಿಮೆಯ ಸಿದ್ಧಾಂತ ಅವರದ್ದು, ಶಿಷ್ಯ ಅನ್ನುವುದು ಅವರಿಗೆ ಆಗದ ಮಾತು. 1902ರಲ್ಲಿ ಫ್ರಾಯ್ಡ್ ಮನೆಯಲ್ಲಿ ಬುಧವಾರ ಬುಧವಾರ ಸೇರುವ ಒಂದು ಪುಟ್ಟ ಗುಂಪು ಶುರುವಾಯಿತು, ಆಲ್ಫ್ರೆಡ್ ಆಡ್ಲರ್ ಅದರಲ್ಲಿ ಮೊದಲಿನಿಂದ ಇದ್ದರು. 1911ರಲ್ಲಿ ಹೊರಟುಹೋದರು. ಆಡ್ಲರ್ ಚಿಕ್ಕಂದಿನಲ್ಲಿ ರಿಕೆಟ್ಸ್‌ನಿಂದ ನರಳಿದ್ದರು, ನ್ಯುಮೋನಿಯಾ ಬಂದು ಸಾಯುವ ಹಾಗಾಗಿತ್ತು. ಮಗು ಅಂದರೆ ಸುತ್ತಲಿನ ದೊಡ್ಡವರಿಗಿಂತ ಎಲ್ಲದರಲ್ಲೂ ಕಡಿಮೆ. ಆ ಕಡಿಮೆಯನ್ನು ತುಂಬಿಕೊಳ್ಳುವುದೇ ಬದುಕಿನ ಓಟ ಅಂತ ಅವರು ಹೇಳಿದರು.

ಜನ ಇಲ್ಲೊಂದು ತಪ್ಪು ಮಾಡುತ್ತಾರೆ. ಆಡ್ಲರ್ ಪ್ರಕಾರ ಕಡಿಮೆ ಅನ್ನಿಸುವುದು ಕಾಯಿಲೆ ಅಲ್ಲ, ಎಲ್ಲರಿಗೂ ಇರುವುದು, ಒಳ್ಳೆಯದಕ್ಕೂ ಬರುವುದು. ಅದರಲ್ಲೇ ಸಿಕ್ಕಿಕೊಂಡು ಕೂತರೆ ಕಾಂಪ್ಲೆಕ್ಸ್. ಕೂಗಾಡುವವನ, ಎಲ್ಲರನ್ನೂ ತುಳಿಯುವವನ ದೊಡ್ಡಸ್ತಿಕೆಯ ಕೆಳಗೂ ಅದೇ ಇರಬಹುದು.

ಇನ್ನೊಂದು ದೊಡ್ಡ ವ್ಯತ್ಯಾಸ. ಫ್ರಾಯ್ಡ್ ಹಿಂದಕ್ಕೆ ನೋಡುತ್ತಾರೆ: ಏನಾಗಿತ್ತು? ಆಡ್ಲರ್ ಮುಂದಕ್ಕೆ: ಇವನು ಎಲ್ಲಿಗೆ ಹೊರಟಿದ್ದಾನೆ? ತಲೆನೋವು ಅನ್ನುವ ಮಗುವಿಗೆ "ತಲೆನೋವು ಇಲ್ಲದಿದ್ದರೆ ಇವತ್ತು ಏನು ಮಾಡ್ತಿದ್ದೆ?" ಅಂತ ಕೇಳುವ ಧಾಟಿ ಅವರದು. ಜೊತೆಗೆ ಸಮುದಾಯದ ಕಾಳಜಿ ಇಲ್ಲದ ಮನಸ್ಸು ಆರೋಗ್ಯವಾಗಿರುವುದಿಲ್ಲ ಅಂತ ನಂಬಿದ್ದವರು. 1920ರ ದಶಕದಲ್ಲಿ ವಿಯೆನ್ನಾದ ಶಾಲಾ ಮಕ್ಕಳಿಗಾಗಿ ಸಲಹಾ ಕೇಂದ್ರಗಳನ್ನು ತೆರೆದರು. ಫ್ರಾಯ್ಡರ ರೋಗಿಗಳಲ್ಲಿ ಹೆಚ್ಚಿನವರು ಅನುಕೂಲಸ್ಥರು. ಆ ವ್ಯತ್ಯಾಸ ಸಿದ್ಧಾಂತದಲ್ಲೂ ಕಾಣುತ್ತದೆ ಅಂತ ನನ್ನ ಅನಿಸಿಕೆ.

ದೊಡ್ಡವನು ಜವಾಬ್ದಾರಿ, ಕೊನೆಯವನು ಮುದ್ದು, ನಡುವಿನವನು ರೆಬೆಲ್. ಇದು ಸಾಬೀತಾಗಿದ್ಯಾ?

ಇಲ್ಲ. ಹುಟ್ಟಿದ ಕ್ರಮಕ್ಕೆ ಮಹತ್ವ ಕೊಟ್ಟಿದ್ದು ಆಡ್ಲರ್. 2015ರಲ್ಲಿ ಅಮೆರಿಕ, ಬ್ರಿಟನ್, ಜರ್ಮನಿಯ 20,000ಕ್ಕೂ ಹೆಚ್ಚು ಜನರ ಮಾಹಿತಿ ನೋಡಿದಾಗ ಸ್ವಭಾವದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ನಿಮ್ಮ ಮನೆಯಲ್ಲಿ ಹಾಗೇ ಇದೆ ಅಂದರೆ ಇರಬಹುದು, ಬೇಡ ಅನ್ನಲ್ಲ.

ಯೂಂಗ್ ಫ್ರಾಯ್ಡ್‌ಗೆ ಮಗನ ಹಾಗಿದ್ರಂತೆ. ಆಮೇಲೆ ಮಾತೇ ಬಿಟ್ರಂತೆ. ಏನಾಯ್ತು?

ಸ್ವಿಟ್ಜರ್ಲೆಂಡಿನ ಕಾರ್ಲ್ ಯೂಂಗ್ ಜ್ಯೂರಿಕ್‌ನ ಮಾನಸಿಕ ಆಸ್ಪತ್ರೆಯಲ್ಲಿ ವೈದ್ಯರಾಗಿದ್ದರು. 1907ರಲ್ಲಿ ಇಬ್ಬರೂ ಮೊದಲ ಸಲ ಭೇಟಿಯಾದಾಗ ಹೆಚ್ಚುಕಮ್ಮಿ 13 ಗಂಟೆ ಒಂದೇ ಸಮನೆ ಮಾತಾಡಿದರು ಅಂತ ಯೂಂಗ್ ಬರೆದಿದ್ದಾರೆ. 1910ರಲ್ಲಿ ಅಂತರರಾಷ್ಟ್ರೀಯ ಮನೋವಿಶ್ಲೇಷಣಾ ಸಂಘಕ್ಕೆ ಯೂಂಗ್ ಮೊದಲ ಅಧ್ಯಕ್ಷರಾದರು. ಫ್ರಾಯ್ಡ್ ಅವರನ್ನು ಉತ್ತರಾಧಿಕಾರಿ ಅಂತಲೇ ನೋಡುತ್ತಿದ್ದರು. 1913ರ ಹೊತ್ತಿಗೆ ಎಲ್ಲ ಮುಗಿದಿತ್ತು.

ಜಗಳ ಎರಡು ವಿಷಯಕ್ಕೆ. ಮನಸ್ಸಿನ ಶಕ್ತಿ ಕಾಮ ಒಂದೇ ಅನ್ನುವುದನ್ನು ಯೂಂಗ್ ಒಪ್ಪಲಿಲ್ಲ, ಅದು ಸಾಮಾನ್ಯ ಜೀವಶಕ್ತಿ ಅಂದರು. ಇನ್ನೊಂದು, ಫ್ರಾಯ್ಡರ ಸುಪ್ತ ಮನಸ್ಸು ನನ್ನ ಸ್ವಂತದ್ದು, ನಾನು ಒಳಗೆ ತಳ್ಳಿದ ಸಾಮಾನು ತುಂಬಿದ ಅಟ್ಟ. ಯೂಂಗ್, ಆ ಅಟ್ಟಕ್ಕಿಂತ ಆಳದಲ್ಲಿ ಇಡೀ ಮನುಷ್ಯ ಕುಲಕ್ಕೆ ಸೇರಿದ ಇನ್ನೊಂದು ಪದರ ಇದೆ, ತಾಯಿ, ವೀರ, ಜ್ಞಾನಿ ಮುದುಕ, ನೆರಳು ಇಂಥ ಮೂಲರೂಪಗಳು ಅಲ್ಲಿಂದ ಕನಸಿಗೂ ಪುರಾಣಕ್ಕೂ ಬರುತ್ತವೆ ಅಂದರು. ನೆರಳು ಅಂದರೆ ನಾವು ನಮ್ಮದಲ್ಲ ಅಂತ ತಳ್ಳಿದ ನಮ್ಮದೇ ಭಾಗ. ಅದನ್ನೆಲ್ಲ ಒಪ್ಪಿಕೊಂಡು ಇಡಿಯಾಗುವುದೇ ಅವರ ಪ್ರಕಾರ ಬದುಕಿನ, ಅದರಲ್ಲೂ 40 ದಾಟಿದ ಮೇಲಿನ, ಕೆಲಸ.

ನಮ್ಮವರಿಗೆ ಯೂಂಗ್ ಬೇಗ ಇಷ್ಟವಾಗುತ್ತಾರೆ. ಮಂಡಲ, ಪುರಾಣ ಅಂತೆಲ್ಲ ಮಾತಾಡುತ್ತಾರಲ್ಲ. ನನಗೆ ಸ್ವಲ್ಪ ಅನುಮಾನ ಇದೆ. ಒಂದೇ ಥರದ ಕಥೆ ಎಲ್ಲ ಕಡೆ ಸಿಗುವುದಕ್ಕೆ ಎಲ್ಲರೂ ಹುಟ್ಟಿ, ಅಮ್ಮನ ಹಾಲು ಕುಡಿದು, ಸಾಯುತ್ತೇವೆ ಅನ್ನುವುದೇ ಸಾಕಷ್ಟು ಕಾರಣ ಅಲ್ವಾ?

ನನಗೆ ಟೆಸ್ಟ್‌ನಲ್ಲಿ ಐಎನ್‌ಎಫ್‌ಜೆ ಅಂತ ಬಂತು. ಇದು ಯೂಂಗ್ ಹೇಳಿದ್ದೇನಾ?

ಬೀಜ ಅವರದ್ದು, ಗಿಡ ಅವರದ್ದಲ್ಲ. ಅಂತರ್ಮುಖಿ, ಬಹಿರ್ಮುಖಿ ಅನ್ನುವ ಜೋಡಿಯನ್ನು ಯೂಂಗ್ 1921ರಲ್ಲಿ ವಿವರವಾಗಿ ಬರೆದರು. ಅದನ್ನು ಪ್ರಶ್ನಾವಳಿ ಮಾಡಿದ್ದು ಅಮೆರಿಕದ ತಾಯಿ-ಮಗಳು ಕ್ಯಾಥರೀನ್ ಬ್ರಿಗ್ಸ್ ಮತ್ತು ಇಸಾಬೆಲ್ ಮೈಯರ್ಸ್. ಐಎನ್‌ಎಫ್‌ಜೆ ಥರದ 16 ಡಬ್ಬಿಗೆ ಜನರನ್ನು ಹಾಕಿದರೆ ಗಡಿಯಲ್ಲಿರುವವರು ಇವತ್ತು ಒಂದು ಡಬ್ಬಿ, ಮುಂದಿನ ತಿಂಗಳು ಇನ್ನೊಂದು. ಕೆಲಸಕ್ಕೆ ಆಯ್ಕೆ ಮಾಡಲು ದಯವಿಟ್ಟು ಬಳಸಬೇಡಿ.

ಹೆಂಗಸರ ಬಗ್ಗೆ ಫ್ರಾಯ್ಡ್ ಹೇಳಿದ್ದನ್ನ ಓದಿದ್ರೆ ಸಿಟ್ಟು ಬರುತ್ತೆ. ಯಾರೂ ಕೇಳಲಿಲ್ವಾ?

ಕೇಳಿದರು, ಒಳಗಿದ್ದುಕೊಂಡೇ. ಹುಡುಗಿಗೆ ಹುಡುಗನ ಅಂಗ ತನಗಿಲ್ಲವಲ್ಲ ಅನ್ನುವ ಅಸೂಯೆ ಇರುತ್ತದೆ ಅಂತ ಫ್ರಾಯ್ಡ್ ಹೇಳಿದ್ದರು. ಬರ್ಲಿನ್‌ನ ಕರೆನ್ ಹಾರ್ನೈ, ಹೆಂಗಸಿಗೆ ಅಸೂಯೆ ಇದ್ದರೆ ಅದು ಅಂಗದ ಮೇಲಲ್ಲ, ಗಂಡಸಿಗೆ ಸಮಾಜ ಕೊಟ್ಟ ಅಧಿಕಾರದ ಮೇಲೆ ಅಂದರು. ಅಷ್ಟೇ ಅಲ್ಲ, ಬಸುರಿಯಾಗುವ, ಹೆರುವ ಶಕ್ತಿ ಕಂಡು ಗಂಡಸಿಗೇ ಅಸೂಯೆ ಇರಬಾರದೇಕೆ ಅಂತ ತಿರುಗಿಸಿ ಹಾಕಿದರು. 1932ರಲ್ಲಿ ಅಮೆರಿಕಕ್ಕೆ ಹೋದರು. 1941ರಲ್ಲಿ ನ್ಯೂಯಾರ್ಕಿನ ಸಂಸ್ಥೆ ಅವರ ತರಬೇತಿ ಅಧಿಕಾರ ಕಿತ್ತುಕೊಂಡಾಗ ರಾಜೀನಾಮೆ ಕೊಟ್ಟು ಹೊರನಡೆದರು.

ಹಾರ್ನೈ ಪ್ರಕಾರ ತಳದಲ್ಲಿರುವುದು ಕಾಮ ಅಲ್ಲ, ಆತಂಕ: ಎದುರು ಬೀಳುವಂಥ ಪ್ರಪಂಚದಲ್ಲಿ ನಾನು ಒಂಟಿ ಅನ್ನುವ ಮಗುವಿನ ಭಯ. ಅದಕ್ಕೆ ನಾವು ಮೂರು ದಾರಿ ಹಿಡಿಯುತ್ತೇವೆ: ಜನರ ಹತ್ತಿರ ಹೋಗುವುದು, ಜನರ ವಿರುದ್ಧ ಹೋಗುವುದು, ಜನರಿಂದ ದೂರ ಹೋಗುವುದು. ಮದುವೆ ಮನೆಯಲ್ಲಿ ಯಾರೂ ಹೇಳದಿದ್ದರೂ ಎಲ್ಲ ಕೆಲಸ ಮೈಮೇಲೆ ಹಾಕಿಕೊಂಡು, ಸಂಜೆ ತಲೆನೋವು ಅಂತ ಕತ್ತಲೆ ಕೋಣೆ ಸೇರುವ ಅಕ್ಕ ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ. ಅವರು ಮೊದಲ ದಾರಿಯವರು. "ನಾನು ಎಲ್ಲರಿಗೂ ಆಗಬೇಕು" ಅನ್ನುವ ಆ ಬೇಕುಗಳ ದಬ್ಬಾಳಿಕೆ ಬಗ್ಗೆ ಹಾರ್ನೈ ಬರೆದಷ್ಟು ಚೆನ್ನಾಗಿ ಬೇರೆ ಯಾರೂ ಬರೆದಿಲ್ಲ. ಯಾರನ್ನು ಮೊದಲು ಓದಲಿ ಅಂದರೆ ನಾನು ಇವರ ಹೆಸರೇ ಹೇಳುವುದು.

## ಮಗು, ಅಮ್ಮ, ವಯಸ್ಸು

ಇವರೆಲ್ಲ ಕೊನೆಗೆ ಅಮ್ಮನ ಮೇಲೇ ಹಾಕ್ತಾರಲ್ಲ, ಯಾಕೆ?

ಈ ದೂರು ನ್ಯಾಯವಾದದ್ದು. ಫ್ರಾಯ್ಡರಲ್ಲಿ ಅಪ್ಪ ಮುಖ್ಯ. 1920ರ ಆಮೇಲೆ ಕಣ್ಣು ಅಮ್ಮನ ಕಡೆ ತಿರುಗಿತು, ಏಕೆಂದರೆ ಇನ್ನೂ ಚಿಕ್ಕ ಮಕ್ಕಳನ್ನು ನೋಡಲು ಶುರು ಮಾಡಿದರು. ಮೆಲನಿ ಕ್ಲೈನ್ ಪುಟ್ಟ ಆಟಿಕೆ ಕೊಟ್ಟು ಮಕ್ಕಳು ಆಡುವುದನ್ನೇ ದೊಡ್ಡವರ ಮಾತಿನಂತೆ ಓದಿದರು. ಹಾಲು ಕೊಡುವ ಅಮ್ಮ, ಕರೆದರೂ ಬಾರದ ಅಮ್ಮ, ಮಗುವಿಗೆ ಇಬ್ಬರೂ ಬೇರೆ. ಇಬ್ಬರೂ ಒಬ್ಬಳೇ ಅಂತ ತಿಳಿದ ದಿನ, ಅಯ್ಯೋ ನಾನು ಸಿಟ್ಟಾಗಿದ್ದು ಇವಳ ಮೇಲೇ ಅಲ್ವಾ ಅಂತ ದುಃಖ ಆಗುತ್ತದೆ, ಸರಿಮಾಡಬೇಕು ಅನ್ನಿಸುತ್ತದೆ. ಸ್ಕಾಟ್ಲೆಂಡಿನ ಫೇರ್‌ಬೇರ್ನ್ ಇನ್ನೂ ನೇರವಾಗಿ, ಮನುಷ್ಯ ಹುಡುಕುವುದು ಸುಖವನ್ನಲ್ಲ, ಇನ್ನೊಬ್ಬ ಮನುಷ್ಯನನ್ನು ಅಂದುಬಿಟ್ಟರು. ನನ್ನ ದೃಷ್ಟಿಯಲ್ಲಿ ಇಡೀ ಚರಿತ್ರೆಯ ದೊಡ್ಡ ತಿರುವು ಇದೇ.

ಕ್ಲೈನ್ ಮತ್ತು ಆನಾ ಫ್ರಾಯ್ಡ್ ನಡುವೆ ಲಂಡನ್ನಿನಲ್ಲಿ ಎರಡನೇ ಮಹಾಯುದ್ಧದ ಹೊತ್ತಲ್ಲೇ ಭಾರೀ ವಾದ ನಡೆಯಿತು. ಒಂದು ಸಭೆಯಲ್ಲಿ ಎಲ್ಲರೂ ಕೂಗಾಡುತ್ತಿದ್ದಾಗ ಡೊನಾಲ್ಡ್ ವಿನ್ನಿಕಾಟ್ ಎದ್ದು, ಹೊರಗೆ ಬಾಂಬ್ ದಾಳಿ ನಡೀತಿದೆ ಅಂತ ನೆನಪಿಸಿದರಂತೆ. ಮಕ್ಕಳ ವೈದ್ಯರಾಗಿದ್ದ ಈ ವಿನ್ನಿಕಾಟ್ ಅಮ್ಮಂದಿರ ಪರ. ಅಮ್ಮ ಪರಿಪೂರ್ಣಳಾಗಬೇಕಿಲ್ಲ, ಸಾಕಷ್ಟು ಒಳ್ಳೆಯವಳಾದರೆ ಸಾಕು, ಅವಳು ಸ್ವಲ್ಪ ಸ್ವಲ್ಪ ತಪ್ಪುವುದರಿಂದಲೇ ಮಗು ಪ್ರಪಂಚ ಕಲಿಯುತ್ತದೆ ಅಂದವರು. ಅಮ್ಮನ ಹಳೇ ಸೀರೆ ತುಂಡು ಬಿಡದೆ ಮಲಗುವ ಮಗುವನ್ನು ನೋಡಿದ್ದೀರಲ್ಲ? ಆ ತುಂಡು ಅಮ್ಮನೂ ಅಲ್ಲ, ಬರೀ ಬಟ್ಟೆಯೂ ಅಲ್ಲ. ಆ ನಡುವಿನ ಜಾಗದಲ್ಲೇ ಆಟ, ಕಲೆ ಹುಟ್ಟುವುದು ಅನ್ನುವುದು ಅವರ ಮಾತು. ಕಿತ್ತುಕೊಂಡು ಒಗೆಯಬೇಡಿ.

ಎರಿಕ್‌ಸನ್‌ರ 8 ಹಂತ ಪರೀಕ್ಷೆಗೆ ಬರುತ್ತೆ. ಹೊಸದೇನಿದೆ ಅದರಲ್ಲಿ?

ಫ್ರಾಯ್ಡರಲ್ಲಿ ವ್ಯಕ್ತಿತ್ವದ ಮುಖ್ಯ ಕಟ್ಟಡ ಐದಾರು ವರ್ಷಕ್ಕೇ ಎದ್ದಿರುತ್ತದೆ. ಎರಿಕ್ ಎರಿಕ್‌ಸನ್ 1950ರಲ್ಲಿ ಅದನ್ನು ಮುಪ್ಪಿನವರೆಗೂ ಎಳೆದರು, ಸಮಾಜವನ್ನು ಒಳಗೆ ತಂದರು. ಮಗುವಿಗೆ ನಂಬಿಕೆ, ಹದಿಹರೆಯಕ್ಕೆ ನಾನು ಯಾರು ಅನ್ನುವುದು, ನಡುವಯಸ್ಸಿಗೆ ಮುಂದಿನವರಿಗೆ ಏನು ಬಿಡುತ್ತೇನೆ ಅನ್ನುವುದು, ಹೀಗೆ ವಯಸ್ಸಿಗೊಂದು ಬಿಕ್ಕಟ್ಟು. ನಾನು ಯಾರು ಅನ್ನುವುದು ಅವರ ಸ್ವಂತ ಗಾಯವೂ ಹೌದು: ಹೆತ್ತ ತಂದೆ ಯಾರು ಅಂತ ಅವರಿಗೆ ಕೊನೆಯವರೆಗೂ ತಿಳಿಯಲಿಲ್ಲ. ಮಲತಂದೆಯ ಹೆಸರು ಹೊತ್ತಿದ್ದವರು ಅಮೆರಿಕದ ಪೌರತ್ವ ಪಡೆಯುವಾಗ ಎರಿಕ್‌ಸನ್, ಅಂದರೆ ಎರಿಕನ ಮಗ, ಅಂತ ತಾವೇ ಇಟ್ಟುಕೊಂಡರು. ಅಹಮದಾಬಾದಿಗೂ ಬಂದು, 1918ರ ಗಿರಣಿ ಮುಷ್ಕರದ ಸುತ್ತ ಗಾಂಧೀಜಿ ಬಗ್ಗೆ ಬರೆದ ಪುಸ್ತಕಕ್ಕೆ ಪುಲಿಟ್ಜರ್ ಬಂತು.

## ಸ್ವಲ್ಪ ಆಳಕ್ಕೆ

ಒಂದೇ ಕೇಸ್ ಇಟ್ಕೊಂಡು ಇವರ ವ್ಯತ್ಯಾಸ ತೋರಿಸ್ತೀರಾ?

ಪುಟ್ಟ ಹ್ಯಾನ್ಸ್. ವಿಯೆನ್ನಾದ 5 ವರ್ಷದ ಹುಡುಗ, ಕುದುರೆ ಕಚ್ಚುತ್ತದೆ ಅಂತ ಹೆದರಿ ಬೀದಿಗೇ ಹೋಗುತ್ತಿರಲಿಲ್ಲ. ಫ್ರಾಯ್ಡ್ 1909ರಲ್ಲಿ ಬರೆದರು. ಚಿಕಿತ್ಸೆ ಮಾಡಿದ್ದು ಹೆಚ್ಚಾಗಿ ಹುಡುಗನ ಅಪ್ಪ, ಫ್ರಾಯ್ಡರ ಸಲಹೆ ಕೇಳಿಕೊಂಡು. ಫ್ರಾಯ್ಡ್ ಓದಿದ್ದು ಹೀಗೆ: ಹುಡುಗನಿಗೆ ಅಮ್ಮ ಪೂರ್ತಿ ತನಗೇ ಬೇಕು, ಅಪ್ಪ ಶಿಕ್ಷಿಸಿಬಿಟ್ಟರೆ ಅಂತ ಭಯ, ಆ ಭಯ ಕುದುರೆ ಮೇಲೆ ಹೋಗಿ ಕೂತಿದೆ.

ಅದೇ ಬರಹವನ್ನು ಬ್ರಿಟನ್ನಿನ ಮನೋವಿಶ್ಲೇಷಕ ಜಾನ್ ಬೌಲ್ಬಿ ಮುಂದೆ ಮತ್ತೆ ಓದಿದರು. ಬಿಟ್ಟುಹೋಗುತ್ತೇನೆ ಅಂತ ಅಮ್ಮ ಹೆದರಿಸಿದ್ದು ಅದರಲ್ಲೇ ಇದೆ! ಹುಡುಗನ ಭಯ ಅಪ್ಪನದ್ದಲ್ಲ, ಅಮ್ಮ ಇಲ್ಲವಾಗುವುದರದ್ದು. ಬೀದಿಗೆ ಹೋಗಲ್ಲ ಅಂದರೆ ಅಮ್ಮನನ್ನು ಬಿಟ್ಟು ಹೋಗಲ್ಲ ಅಂತ. ಹ್ಯಾನ್ಸ್‌ಗೆ ಮೂರೂವರೆ ವರ್ಷವಾದಾಗ ತಂಗಿ ಹುಟ್ಟಿದ್ದಳು. ಆಡ್ಲರ್‌ಗೆ ಕೊಟ್ಟಿದ್ದರೆ ಅಲ್ಲಿಂದ ಶುರು ಮಾಡುತ್ತಿದ್ದರು ಅಂತ ನನ್ನ ಊಹೆ: ಪಟ್ಟದಿಂದ ಇಳಿದ ರಾಜಕುಮಾರ. ಈ ಪಂಥಕ್ಕೇ ಸೇರದ, ಹೊರಗೆ ಕಾಣುವ ನಡವಳಿಕೆಯನ್ನಷ್ಟೇ ನೋಡುವ ವರ್ತನಾವಾದಿಗಳು ಇನ್ನೂ ಸರಳವಾಗಿ, ಅವನು ಬೀದಿಯಲ್ಲಿ ಕುದುರೆ ಬಿದ್ದು ಒದ್ದಾಡಿದ್ದನ್ನು ನೋಡಿ ಹೆದರಿದ್ದ, ಅಷ್ಟೇ ಅಂದರು. ಅದೂ ನಡೆದದ್ದೇ. ಹ್ಯಾನ್ಸ್ ದೊಡ್ಡವನಾಗಿ ಒಪೆರಾ ನಿರ್ದೇಶಕನಾದ. 19ನೇ ವಯಸ್ಸಿಗೆ ಫ್ರಾಯ್ಡರನ್ನು ನೋಡಲು ಹೋದಾಗ ಅವನಿಗೆ ಇದ್ಯಾವುದೂ ನೆನಪಿರಲಿಲ್ಲ.

ಈಡಿಪಸ್ ಕಥೆ ಗ್ರೀಕರದ್ದು. ನಮ್ಮ ಮನೆಗಳಿಗೆ ಹೊಂದುತ್ತಾ?

ಈಡಿಪಸ್ ತಿಳಿಯದೆ ಅಪ್ಪನನ್ನು ಕೊಂದು ಅಮ್ಮನನ್ನೇ ಮದುವೆಯಾದ ರಾಜ. ಹ್ಯಾನ್ಸ್‌ನಲ್ಲಿ ಕಂಡಂಥ ಆಸೆಗೆ, ಭಯಕ್ಕೆ ಫ್ರಾಯ್ಡ್ ಇಟ್ಟಿದ್ದು ಅವನ ಹೆಸರನ್ನೇ. ನಿಮ್ಮ ಪ್ರಶ್ನೆಯನ್ನು ಫ್ರಾಯ್ಡ್ ಬದುಕಿದ್ದಾಗಲೇ ಒಬ್ಬ ಭಾರತೀಯ ಅವರನ್ನೇ ಕೇಳಿದ್ದರು. ಗಿರೀಂದ್ರಶೇಖರ ಬೋಸ್ 1922ರಲ್ಲಿ ಕಲ್ಕತ್ತೆಯಲ್ಲಿ ಭಾರತೀಯ ಮನೋವಿಶ್ಲೇಷಣಾ ಸಂಘ ಕಟ್ಟಿದವರು. ನನ್ನ ರೋಗಿಗಳಲ್ಲಿ ನೀವು ಹೇಳುವ ಭಯ ಅಷ್ಟಾಗಿ ಕಾಣುವುದಿಲ್ಲ, ಹೆಣ್ಣಾಗಬೇಕು ಅನ್ನುವ ಆಸೆ ಕಾಣುತ್ತದೆ ಅಂತ ಬರೆದರು. ಫ್ರಾಯ್ಡ್ ಮರ್ಯಾದೆಯಿಂದ ಉತ್ತರಿಸಿದರು, ಒಪ್ಪಲಿಲ್ಲ.

ಎ.ಕೆ. ರಾಮಾನುಜನ್ ಇದನ್ನು ಕಥೆಗಳ ಕಡೆಯಿಂದ ನೋಡಿದರು. ಗ್ರೀಕ್ ಕಥೆಯಲ್ಲಿ ಮಗ ಅಪ್ಪನನ್ನು ಕೊಲ್ಲುತ್ತಾನೆ. ನಮ್ಮಲ್ಲಿ ಉಲ್ಟಾ. ಯಯಾತಿ ಪೂರುವಿನ ಯೌವನ ಇಸಿದುಕೊಳ್ಳುತ್ತಾನೆ, ಶಂತನುವಿನ ಮದುವೆಗಾಗಿ ಭೀಷ್ಮ ಮದುವೆಯನ್ನೇ ಬಿಡುತ್ತಾನೆ, ಶಿವ ಗಣಪತಿಯ ತಲೆ ಕಡಿಯುತ್ತಾನೆ. ಬಾಗುವವನು ಮಗ. ಉತ್ತರ ಕರ್ನಾಟಕದ ಹಳ್ಳಿಯೊಂದರಲ್ಲಿ ಒಬ್ಬ ಅಜ್ಜಿಯಿಂದ ಅವರು ಕೇಳಿದ ಕಥೆ ಇನ್ನೂ ವಿಚಿತ್ರ. ತಿಳಿಯದೆ ಮಗನನ್ನೇ ಮದುವೆಯಾದ ಹೆಣ್ಣು, ಸತ್ಯ ತಿಳಿದ ಮೇಲೆ, ತೊಟ್ಟಿಲಲ್ಲಿರುವ ಕೂಸನ್ನು ಮಗ ಅಂತಲೂ ಮೊಮ್ಮಗ ಅಂತಲೂ ಗಂಡನ ತಮ್ಮ ಅಂತಲೂ ಕರೆದು ಜೋಗುಳ ಹಾಡಿ ಪ್ರಾಣ ಬಿಡುತ್ತಾಳೆ. ಇದು ಈಡಿಪಸ್ ಕಥೆಯೇ, ಆದರೆ ಹೇಳುತ್ತಿರುವುದು ತಾಯಿ. ಮಗನ ಕಣ್ಣಿನಿಂದ ನೋಡಿದ್ದೇ ಎಲ್ಲರ ಮನಸ್ಸು ಅಂದುಕೊಂಡ ಸಿದ್ಧಾಂತಕ್ಕೆ ಇಷ್ಟು ಸಾಕು.

ನಾರ್ಸಿಸಿಸ್ಟ್ ಅಂತ ಈಗ ಎಲ್ಲರನ್ನೂ ಕರೀತಾರೆ. ನಿಜವಾದ ಅರ್ಥ ಏನು?

ತನ್ನಲ್ಲೇ ಮುಳುಗಿ ಸದಾ ಮೆಚ್ಚುಗೆ ಬೇಡುವವರಿಗೆ ಈ ಹೆಸರು. ಅವರು ಯಾಕೆ ಹಾಗೆ ಅನ್ನುವುದಕ್ಕೆ ಇಬ್ಬರು ಇಬ್ಬಗೆ ಹೇಳುತ್ತಾರೆ. ಶಿಕಾಗೋದ ಹೈನ್ಜ್ ಕೊಹುಟ್ 1971ರಲ್ಲಿ, ತಳದಲ್ಲಿ ಬೇಕಾದದ್ದು ಗಟ್ಟಿಯಾದ "ನಾನು", ಅದಕ್ಕೆ ಚಿಕ್ಕಂದಿನಲ್ಲಿ ಯಾರಾದರೂ ಕನ್ನಡಿಯಾಗಿ ಭೇಷ್ ಅನ್ನಬೇಕು. ಅದು ಸಿಗದವರು ದೊಡ್ಡವರಾದ ಮೇಲೂ ಅದನ್ನೇ ಹುಡುಕುತ್ತಾರೆ ಅಂದರು. ಅವರ ದೃಷ್ಟಿಯಲ್ಲಿ ಇದು ನಿಂತುಹೋದ ಬೆಳವಣಿಗೆ. ಆಟೋ ಕರ್ನ್‌ಬರ್ಗ್, ಅಷ್ಟು ಮೆದುವಲ್ಲ, ಅದರ ಕೆಳಗೆ ಅಸೂಯೆ, ಸಿಟ್ಟು ಕುದಿಯುತ್ತಿರುತ್ತದೆ ಅಂದರು. ಒಬ್ಬರು ಮೊದಲು ಅರ್ಥಮಾಡಿಕೊಳ್ಳಿ ಅನ್ನುತ್ತಾರೆ, ಇನ್ನೊಬ್ಬರು ಮೊದಲು ಎದುರು ನಿಲ್ಲಿ ಅನ್ನುತ್ತಾರೆ. ಮಾತು ಬಿಟ್ಟ ಸ್ನೇಹಿತನಿಗೆ ಈ ಪದ ಅಂಟಿಸುವ ಮೊದಲು ಇದನ್ನು ನೆನಪಿಡಿ.

ಇದೆಲ್ಲ ವಿಜ್ಞಾನಾನಾ, ಇಲ್ಲ ಕಥೆನಾ?

ಯಾವುದು ವಿಜ್ಞಾನ ಅಂತ ಚರ್ಚಿಸಿದ ತತ್ವಜ್ಞಾನಿ ಕಾರ್ಲ್ ಪಾಪರ್ 1919ರಲ್ಲಿ ಆಡ್ಲರ್‌ಗೆ ಒಂದು ಮಗುವಿನ ಪ್ರಸಂಗ ಹೇಳಿದರು. ಆಡ್ಲರ್ ಮಗುವನ್ನು ನೋಡದೆಯೇ ಕೀಳರಿಮೆ ಅಂತ ವಿವರಿಸಿಬಿಟ್ಟರು. ಅಷ್ಟು ಖಚಿತ ಹೇಗೆ ಅಂದರೆ, ಸಾವಿರ ಸಲದ ಅನುಭವ ಅಂದರು. ಈಗ ಅದು ಸಾವಿರದ ಒಂದು ಆಯಿತು ಅಂತ ಪಾಪರ್ ಹೇಳದೆ ಬಿಡಲಿಲ್ಲ. ಏನಾದರೂ ಸರಿ, ಎಲ್ಲವನ್ನೂ ವಿವರಿಸುವ ಸಿದ್ಧಾಂತ ತಪ್ಪಾಗುವುದಾದರೂ ಹೇಗೆ ಅನ್ನುವುದು ಅವರ ಆಕ್ಷೇಪ. ಆ ಏಟು ಇನ್ನೂ ನೋಯುತ್ತದೆ.

ಆದರೆ ಎಲ್ಲವೂ ಒಂದೇ ತಕ್ಕಡಿ ಅಲ್ಲ. ಸಾವಿನ ಒತ್ತಡವನ್ನು, ಸಾಮೂಹಿಕ ಸುಪ್ತ ಮನಸ್ಸನ್ನು ಪರೀಕ್ಷಿಸುವುದು ಕಷ್ಟ. ಬೌಲ್ಬಿಯ ಅಂಟಿನ (ಅಟ್ಯಾಚ್‌ಮೆಂಟ್, ಅಂದರೆ ಮಗುವಿಗೂ ಸಾಕುವವರಿಗೂ ಇರುವ ನಂಟಿನ) ಸಿದ್ಧಾಂತವನ್ನು ಮೇರಿ ಐನ್ಸ್‌ವರ್ತ್ ಮೊದಲು ಉಗಾಂಡಾದ, ಆಮೇಲೆ ಅಮೆರಿಕದ ಅಮ್ಮಂದಿರು-ಮಕ್ಕಳನ್ನು ನೋಡಿ, ಅಳೆಯಬಹುದಾದ ರೂಪಕ್ಕೆ ತಂದರು. ಆಸ್ಪತ್ರೆಯಲ್ಲಿ ಮಗುವಿನ ಜೊತೆ ಅಪ್ಪ-ಅಮ್ಮ ಇರಬಹುದು ಅನ್ನುವ ಬದಲಾವಣೆ ಬ್ರಿಟನ್ನಿನಲ್ಲಿ ಬಂದದ್ದರ ಹಿಂದೆ ಬೌಲ್ಬಿ ಗುಂಪಿನ ಕೆಲಸ ಇದೆ. ತಿಳಿಯದೆಯೇ ಮನಸ್ಸು ಬಹಳಷ್ಟು ಕೆಲಸ ಮಾಡುತ್ತದೆ ಅನ್ನುವುದನ್ನು ಈಗ ಯಾರೂ ಅಲ್ಲಗಳೆಯುವುದಿಲ್ಲ, ಅದು ಫ್ರಾಯ್ಡ್ ಹೇಳಿದ ಥರವೇ ಅನ್ನುವುದನ್ನು ಮಾತ್ರ ಬಹಳ ಜನ ಒಪ್ಪುವುದಿಲ್ಲ.

ಕೌನ್ಸೆಲಿಂಗ್‌ಗೆ ಹೋದ್ರೆ ಸಿನಿಮಾದಲ್ಲಿ ತೋರಿಸೋ ಹಾಗೆ ಮಂಚದ ಮೇಲೆ ಮಲಗಿಸ್ತಾರಾ?

ಈಗ ಬಹಳ ಕಡಿಮೆ. ಸೈಕೋಡೈನಮಿಕ್ ಚಿಕಿತ್ಸೆಯಲ್ಲಿ ಸಾಮಾನ್ಯವಾಗಿ ಎದುರುಬದುರು ಕುರ್ಚಿ, ವಾರಕ್ಕೆ ಒಂದು ಸಲ. ಫ್ರಾಯ್ಡರ ಆ ಮಂಚ ಅವರ ಜೊತೆಗೇ 1938ರಲ್ಲಿ ನಾಜಿಗಳಿಂದ ತಪ್ಪಿಸಿಕೊಂಡು ಲಂಡನ್‌ಗೆ ಹೋಯಿತು, ಈಗ ಅಲ್ಲಿನ ಮ್ಯೂಸಿಯಂನಲ್ಲಿದೆ. ರೋಗಿಯನ್ನು ಮಲಗಿಸಿ ತಾವು ಹಿಂದೆ ಕೂರುತ್ತಿದ್ದುದಕ್ಕೆ ಫ್ರಾಯ್ಡ್ ಸಿದ್ಧಾಂತದ ಕಾರಣಗಳನ್ನೂ ಕೊಟ್ಟಿದ್ದಾರೆ. ಅವುಗಳ ಜೊತೆಗೆ ಇನ್ನೊಂದನ್ನೂ ಒಪ್ಪಿಕೊಂಡಿದ್ದಾರೆ: ದಿನಕ್ಕೆ 8 ಗಂಟೆ ಜನ ತಮ್ಮ ಮುಖವನ್ನೇ ನೋಡುತ್ತಾ ಕೂತರೆ ಅವರಿಗೆ ತಡೆಯಲಾಗುತ್ತಿರಲಿಲ್ಲವಂತೆ.